ಒಂದೇ ಸ್ವರದ ತಯಾರಿ

ಗಿಟಾರ್ ಕಲಿಯುವ ಹುಡುಗರ ನಡುವೆ ಯಾರನ್ನಾದರೂ ಒಂದೇ ಏಟಿಗೆ ಮುಗಿಸಬೇಕಾದರೆ ಬಳಸುವ ಮಾತೊಂದಿದೆ: ‘ಚೆನ್ನಾಗಿ ನುಡಿಸ್ತಾನೆ, ಆದ್ರೆ ಫೀಲ್ ಇಲ್ಲ.’ ಈ ತೀರ್ಪಿಗೆ ಮೇಲ್ಮನವಿ ಇಲ್ಲ. ತಾಳ ತಪ್ಪಿದೆ ಎಂದರೆ ತಾಳ ಹಾಕಿ ನೋಡಬಹುದು, ಶ್ರುತಿ ಸೇರಿಲ್ಲ ಎಂದರೆ ಬಿರಡೆ ತಿರುಗಿಸಬಹುದು. ಫೀಲ್ ಇಲ್ಲ ಎಂದವನ ಮುಂದೆ ಏನು ಸಾಕ್ಷಿ ಒಡ್ಡುವುದು? ಎದುರು ಪಕ್ಷದವರ ಬಳಿಯೂ ಅಷ್ಟೇ ಹರಿತವಾದ ಉತ್ತರವಿದೆ: ‘ಫೀಲ್ ಅನ್ನೋದು ಪ್ರಾಕ್ಟೀಸ್ ಮಾಡದವರ ನೆಪ.’ ಬರೀ ಕೇಳುವುದಷ್ಟೇ ಗೊತ್ತಿರುವ ನಮ್ಮಂಥವರಿಗೆ ಎರಡೂ ನಿಜವೆನ್ನಿಸಿ, ಕಾಫಿ ಮುಗಿಯುವವರೆಗೆ ಇಬ್ಬರ ಕಡೆಗೂ ತಲೆಯಾಡಿಸುತ್ತೇವೆ.

ನಮ್ಮ ಮನೆಯ ಮಹಡಿಯ ಕೋಣೆಯಲ್ಲಿ ಈ ಎರಡೂ ಪಕ್ಷಗಳ ಸಭೆ ಆಗಾಗ ನಡೆಯುತ್ತದೆ. ಅಕ್ಕನ ಮಗ ವೇಗದ ಪಕ್ಷ. ಮೆಟ್ರೊನೋಮ್ ಹಚ್ಚಿ ಬಾಗಿಲು ಹಾಕಿಕೊಂಡನೆಂದರೆ, ಊಟಕ್ಕೆ ಕರೆಯಲು ಹೋದವರು ಬಾಗಿಲು ಬಡಿಯುವುದೂ ಅವನ ತಾಳಕ್ಕೇ ಬಡಿಯುವಂತಾಗುತ್ತದೆ. ‘ಮಾಮ, ಇದು ಎಷ್ಟು ಬಿಪಿಎಂ ಗೊತ್ತಾ?’ ಎಂದು ಒಮ್ಮೆ ಕೇಳಿದ. ‘ನನ್ನ ವಯಸ್ಸಿಗೆ ಬಿಪಿ ಎಷ್ಟು ಅಂತ ಗೊತ್ತಿದ್ರೆ ಸಾಕಪ್ಪ’ ಎಂದೆ. ಅವನ ಗೆಳೆಯ ಭಾವದ ಪಕ್ಷ. ಕಣ್ಣು ಮುಚ್ಚಿ, ತುಟಿ ಕಚ್ಚಿ, ಒಂದು ತಂತಿಯನ್ನು ಎಳೆದು ಹಿಡಿದನೆಂದರೆ ಹತ್ತಿರದವರು ಯಾರೋ ತೀರಿಕೊಂಡ ಸುದ್ದಿ ಈಗಷ್ಟೇ ಬಂದಿದೆ ಅನ್ನಿಸಬೇಕು. ಎಳೆದ ಸ್ವರ ಮಾತ್ರ ಸೇರಬೇಕಾದ ಜಾಗ ಸೇರದೆ ಅರ್ಧ ದಾರಿಯಲ್ಲೇ ನಿಂತಿರುತ್ತದೆ. ಪೂರ್ತಿ ಮೇಲೇರಿರುವುದು ಹುಬ್ಬು.

ಅಳಿಯನ ದೇವರು ಸ್ವೀಡನ್ನಿನ ಇಂಗ್ವೇ ಮಾಲ್ಮ್‌ಸ್ಟೀನ್. ಗೆಳೆಯನ ದೇವರು ಅಮೆರಿಕದ ಬಿ.ಬಿ. ಕಿಂಗ್. ಭಕ್ತರನ್ನು ಬಿಟ್ಟು ದೇವರುಗಳ ಕಡೆಯಿಂದ ನೋಡಿದರೆ ಈ ಜಗಳ ಬೇರೆಯೇ ಥರ ಕಾಣುತ್ತದೆ.

ರೈಲಿ ಬಿ. ಕಿಂಗ್ ಹುಟ್ಟಿದ್ದು 1925ರಲ್ಲಿ, ಮಿಸಿಸಿಪಿಯ ಹತ್ತಿ ಹೊಲಗಳ ಸೀಮೆಯಲ್ಲಿ. ಹತ್ತಿ ಬಿಡಿಸಿದ, ಟ್ರ್ಯಾಕ್ಟರ್ ಓಡಿಸಿದ, ಆಮೇಲೆ ಮೆಂಫಿಸ್‌ಗೆ ಹೋಗಿ ರೇಡಿಯೋದಲ್ಲಿ ಹಾಡಿದ. ಅಲ್ಲಿ ಸಿಕ್ಕ ‘ಬ್ಲೂಸ್ ಬಾಯ್’ ಎಂಬ ಅಡ್ಡಹೆಸರೇ ಮುಂದೆ ಬಿ.ಬಿ. ಆಯಿತು. 1949ರಲ್ಲಿ ಅರ್ಕನ್ಸಾ ರಾಜ್ಯದ ಟ್ವಿಸ್ಟ್ ಎಂಬ ಊರಿನ ನೃತ್ಯಶಾಲೆಯೊಂದರಲ್ಲಿ ನುಡಿಸುತ್ತಿದ್ದಾಗ ಇಬ್ಬರು ಗಂಡಸರು ಹೊಡೆದಾಡಿ, ಚಳಿಗೆಂದು ಸೀಮೆಎಣ್ಣೆ ಸುರಿದು ಉರಿಸಿದ್ದ ಪೀಪಾಯಿಯನ್ನು ಉರುಳಿಸಿದರು. ಎಲ್ಲರ ಜೊತೆ ಹೊರಗೆ ಓಡಿ ಬಂದ ಕಿಂಗ್, ಒಳಗೆ ಉಳಿದ ಗಿಟಾರಿಗಾಗಿ ಉರಿಯುವ ಕಟ್ಟಡಕ್ಕೆ ಮತ್ತೆ ನುಗ್ಗಿದ. ಜಗಳ ಲುಸಿಲ್ ಎಂಬ ಹೆಂಗಸಿಗಾಗಿ ಎಂದು ಆಮೇಲೆ ಗೊತ್ತಾಯಿತು. ಇನ್ನೆಂದೂ ಇಂಥ ಹುಚ್ಚು ಸಾಹಸ ಮಾಡಬಾರದೆಂದು ನೆನಪಿಸಿಕೊಳ್ಳಲು ಗಿಟಾರಿಗೆ ಅದೇ ಹೆಸರಿಟ್ಟ. ಮುಂದೆ ಗಿಟಾರುಗಳು ಬದಲಾದವು, ಹೆಸರು ಬದಲಾಗಲಿಲ್ಲ. ಭಾವದ ಪಕ್ಷದವರು ಈ ಕಥೆಯನ್ನು ಬಹಳ ಇಷ್ಟಪಟ್ಟು ಹೇಳುತ್ತಾರೆ, ಬೆಂಕಿಗೆ ನುಗ್ಗಿದ್ದರಿಂದಲೇ ಆ ನಾದ ಬಂತು ಎನ್ನುವ ಹಾಗೆ.

ನಾದ ಬಂದದ್ದು ಬೇರೆ ಕಡೆಯಿಂದ. ಅವನ ತಾಯಿಯ ಸಂಬಂಧಿ ಬುಕ್ಕಾ ವೈಟ್ ಎಂಬ ಬ್ಲೂಸ್ ಗಾಯಕ ತಂತಿಯ ಮೇಲೆ ಲೋಹದ ಕೊಳವೆ ಜಾರಿಸಿ ನುಡಿಸುತ್ತಿದ್ದ. ಆ ಸ್ಲೈಡ್‌ನಲ್ಲಿ ಗಿಟಾರ್ ಹೆಂಗಸಿನಂತೆ ಅಳುತ್ತಿತ್ತು. ಕಿಂಗ್‌ಗೂ ಅದೇ ಬೇಕಿತ್ತು, ಆದರೆ ಕೊಳವೆ ಅವನ ಕೈಗೆ ಒಗ್ಗಲಿಲ್ಲ. ಬರಿ ಬೆರಳಿನಲ್ಲೇ ಆ ಕಂಪನ ಬರಿಸಲು ಹೊರಟು ತನ್ನದೇ ಒಂದು ವೈಬ್ರೇಟೊ ಸಾಧಿಸಿದ. ಅವನ ಎಡಗೈಯನ್ನು ವಿಡಿಯೋದಲ್ಲಿ ಗಮನಿಸಿ. ತೋರುಬೆರಳು ತಂತಿಯನ್ನು ಒತ್ತಿ ನಿಂತಿರುತ್ತದೆ, ಹೆಬ್ಬೆರಳು ಗಿಟಾರಿನ ಕತ್ತನ್ನು ಬಿಟ್ಟಿರುತ್ತದೆ, ಮಿಕ್ಕ ಬೆರಳುಗಳು ಬಿಚ್ಚಿಕೊಂಡು ಇಡೀ ಅಂಗೈ ಆ ಒಂದು ಬೆರಳಿನ ಮೇಲೆ ತಿರುಗಾಡುತ್ತದೆ. ಕಂಪನ ಎಲ್ಲಿ ಶುರುವಾಗಬೇಕು, ಎಷ್ಟು ಅಗಲ, ಎಷ್ಟು ಬೇಗ, ಯಾವಾಗ ಸಾಕು, ಎಲ್ಲವೂ ಪ್ರತಿ ಸಲವೂ ಲೆಕ್ಕಕ್ಕೆ ಸರಿಯಾಗಿರುತ್ತದೆ. ಇದನ್ನು ಕೌಶಲವೆನ್ನದೆ ಬರೀ ಭಾವ ಎಂದು ಕರೆದರೆ, ಆ ಕೈ ದುಡಿದ ವರ್ಷಗಳಿಗೆ ಕೂಲಿ ಕೊಡದೆ ಕಳಿಸಿದಂತಾಗುತ್ತದೆ.

ತಂತಿ ಎಳೆಯುವ ವಿಷಯಕ್ಕೆ ಬಂದರೆ ಇನ್ನೂ ಕಷ್ಟ. ತಂತಿಯ ಕಂಪನಸಂಖ್ಯೆ ಅದರ ಬಿಗಿತದ ವರ್ಗಮೂಲದಂತೆ ಏರುತ್ತದೆ. ಹಾಗಾಗಿ ಷಡ್ಜದಿಂದ ಚತುಶ್ರುತಿ ರಿಷಭಕ್ಕೆ, ಎಂದರೆ ಎರಡು ಫ್ರೆಟ್‌ನಷ್ಟು ಮೇಲಕ್ಕೆ, ಬರೀ ಎಳೆತದಿಂದ ಹೋಗಬೇಕಾದರೆ ಬಿಗಿತ ಸುಮಾರು ಕಾಲುಭಾಗ ಹೆಚ್ಚಬೇಕು. ಆ ಕಾಲುಭಾಗವನ್ನು ತೂಗುವ ತಕ್ಕಡಿ ಬೆರಳ ತುದಿಯ ಚರ್ಮ ಮತ್ತು ಕಿವಿ, ಇವೆರಡೇ. ಬ್ಲೂಸ್‌ನಲ್ಲಿ ಗಾಂಧಾರದ ಕಾಟ ಬೇರೆ ಇದೆ. ಸಾಧಾರಣ ಗಾಂಧಾರಕ್ಕಿಂತ ತುಸು ಮೇಲೆ, ಅಂತರ ಗಾಂಧಾರಕ್ಕಿಂತ ತುಸು ಕೆಳಗೆ ಇರುವ ಒಂದು ಜಾಗದಲ್ಲಿ ಈ ಸಂಗೀತದ ಜೀವವಿದೆ. ಗಿಟಾರಿನ ಯಾವ ಫ್ರೆಟ್‌ನಲ್ಲೂ ಅದು ಇಲ್ಲ, ಪ್ರತಿ ಸಲವೂ ಹುಡುಕಿಕೊಂಡೇ ಹೋಗಬೇಕು. ಒಂದು ಕೂದಲೆಳೆ ಹೆಚ್ಚಾದರೆ ಹಾಡು ಖುಷಿಯಾಗಿಬಿಡುತ್ತದೆ, ಕಮ್ಮಿಯಾದರೆ ಅಪಸ್ವರ. ನಿಮಿಷಕ್ಕೆ ಎಷ್ಟು ಸ್ವರ ಎಂದು ಎಣಿಸುವ ಯಂತ್ರವಿದೆ, ಅದಕ್ಕೇ ಹುಡುಗರು ಎಣಿಸುತ್ತಾರೆ. ಈ ಜಾಗ ಸಿಕ್ಕಿತೋ ಇಲ್ಲವೋ ಎಂದು ಹೇಳುವ ಯಂತ್ರವಿಲ್ಲ. ವೇಗವೇ ಕೌಶಲ ಎಂಬ ಮಾತು ಹುಟ್ಟಿದ್ದು ಇಲ್ಲೇ ಇರಬೇಕು. ತಮಾಷೆಯೆಂದರೆ ಇದನ್ನು ವೇಗದ ಪಕ್ಷದವರಂತೆ ಭಾವದ ಪಕ್ಷದವರೂ ನಂಬಿದ್ದಾರೆ. ಜಗಳವಾಡುವವರು ಒಂದೇ ತಪ್ಪನ್ನು ಹಂಚಿಕೊಂಡರೆ ಜಗಳ ಬಹಳ ಕಾಲ ಬಾಳುತ್ತದೆ.

ಕಿಂಗ್‌ಗೆ ಬಾರದ ವಿದ್ಯೆಗಳೂ ಇದ್ದವು. ಕಾರ್ಡ್ ನುಡಿಸುವುದು ತನಗೆ ಬರುವುದಿಲ್ಲ ಎಂದು ಯಾವ ಸಂಕೋಚವೂ ಇಲ್ಲದೆ ಹೇಳಿಕೊಳ್ಳುತ್ತಿದ್ದ. ಹಾಡುತ್ತಾ ನುಡಿಸುವುದಕ್ಕೂ ಆಗುತ್ತಿರಲಿಲ್ಲ. ನಮ್ಮ ಕಾಲೇಜು ಮಕ್ಕಳು ಮೊದಲ ವರ್ಷವೇ ಕಲಿತುಬಿಡುವ ಕೆಲಸ! ಆದ್ದರಿಂದ ಒಂದು ಸಾಲು ಹಾಡುತ್ತಿದ್ದ, ನಿಲ್ಲಿಸುತ್ತಿದ್ದ, ಗಿಟಾರ್ ಉತ್ತರ ಕೊಡುತ್ತಿತ್ತು. ಮತ್ತೆ ಒಂದು ಸಾಲು, ಮತ್ತೆ ಉತ್ತರ. 1969ರ ‘ದಿ ಥ್ರಿಲ್ ಈಸ್ ಗಾನ್’ ಹಾಡನ್ನು ಈ ದೃಷ್ಟಿಯಿಂದ ಕೇಳಿದರೆ ಗುಟ್ಟು ಬಯಲಾಗುತ್ತದೆ. ಗಿಟಾರಿನ ಒಂದೊಂದು ಮಾತೂ ಮನುಷ್ಯನ ಒಂದು ಉಸಿರಿನಷ್ಟೇ ಉದ್ದ. ಉಸಿರು ತೀರುವ ಹೊತ್ತಿಗೆ ಗಿಟಾರೂ ಸುಮ್ಮನಾಗಿ, ಉಸಿರೆಳೆದುಕೊಂಡು, ಮತ್ತೆ ಶುರುಮಾಡುತ್ತದೆ. ನಾವು ಫೀಲ್ ಎಂದು ಕರೆಯುವುದರ ದೊಡ್ಡ ಪಾಲು ಇಷ್ಟೇ ಎಂದು ನನ್ನ ಅನುಮಾನ. ವಾದ್ಯ ಉಸಿರಾಡಿದರೆ ಕೇಳುವವನ ಉಸಿರೂ ಅದರ ಜೊತೆ ಹೋಗುತ್ತದೆ. ನುಡಿಸುವವನ ಎದೆಯಲ್ಲಿ ಆ ಹೊತ್ತು ದುಃಖವಿತ್ತೋ ಹಸಿವಿತ್ತೋ ನಮಗೆ ಸಂಬಂಧವಿಲ್ಲ.

ಸಂಬಂಧವಿಲ್ಲ ಎಂದದ್ದು ಕೆಲವರಿಗೆ ಕಟುವಾಗಿ ಕೇಳಿಸಬಹುದು. ಪಿಂಕ್ ಫ್ಲಾಯ್ಡ್ ತಂಡದ ‘ಕಂಫರ್ಟಬ್ಲಿ ನಂಬ್’ ಹಾಡಿನ ಕೊನೆಯ ಸೋಲೋ ಕೇಳಿ ಕಣ್ಣು ಒದ್ದೆ ಮಾಡಿಕೊಂಡವರು ಎಲ್ಲ ದೇಶಗಳಲ್ಲೂ ಇದ್ದಾರೆ. 1979ರ ಆ ಸೋಲೋ ಒಂದೇ ಆವೇಶದಲ್ಲಿ, ಎದೆ ಬಿರಿದು ಬಂದದ್ದೇ ಇರಬೇಕು ಎಂದುಕೊಳ್ಳುತ್ತೇವೆ. ತಂಡದ ಗಿಟಾರ್ ವಾದಕ ಡೇವಿಡ್ ಗಿಲ್ಮೋರ್ ಅದನ್ನು ಐದಾರು ಸಲ ಬೇರೆ ಬೇರೆಯಾಗಿ ನುಡಿಸಿ ಮುದ್ರಿಸಿಕೊಂಡ. ಆಮೇಲೆ ಒಂದೊಂದನ್ನೂ ಕೇಳುತ್ತಾ ಹಾಳೆಯ ಮೇಲೆ ಚಾರ್ಟ್ ಬರೆದು, ಚೆನ್ನಾಗಿ ಬಂದ ತುಣುಕುಗಳಿಗೆ ಗುರುತು ಹಾಕಿ, ಒಂದರಿಂದ ಇನ್ನೊಂದಕ್ಕೆ ಹಾರಿ ಜೋಡಿಸಿದ. ಅವನೇ ಇದನ್ನು ಹೇಳಿಕೊಂಡಿದ್ದಾನೆ. ಶ್ಯಾನುಭೋಗರು ಲೆಕ್ಕಪತ್ರ ಹೊಂದಿಸಿದಂತೆ ಹೊಂದಿಸಿದ ಈ ಸೋಲೋ ಕೇಳಿ ಅತ್ತದ್ದು ಸುಳ್ಳು ಅಳುವೇ? ನನಗೆ ಹಾಗನ್ನಿಸುವುದಿಲ್ಲ. ಯಾವ ತುಣುಕಿನ ನಂತರ ಯಾವುದು ಬಂದರೆ ಕೇಳುವವನಿಗೆ ತಡೆಯಲಾಗುವುದಿಲ್ಲ ಎಂದು ಅವನ ಕಿವಿಗೆ ಗೊತ್ತಿತ್ತು. ನಮ್ಮ ಸಿನಿಮಾ ಹಾಡುಗಳಲ್ಲೂ ಅಷ್ಟೇ ಅಲ್ಲವೇ. ಇಳಯರಾಜ ಅವರು ಜಿ.ಕೆ. ವೆಂಕಟೇಶ್ ಅವರ ಸಹಾಯಕರಾಗಿ, ಗಿಟಾರ್ ವಾದಕರಾಗಿ ದುಡಿದ ಕಾಲದ ಧ್ವನಿಮುದ್ರಣಗಳನ್ನು ನೆನೆಯಿರಿ. ಎದುರಿನ ಹಾಳೆ ನೋಡಿ ನುಡಿಸುವ ವಾದಕನಿಗೆ ಕಥೆಯಲ್ಲಿ ನಾಯಕಿ ಸಾಯುತ್ತಾಳೋ ಮದುವೆಯಾಗುತ್ತಾಳೋ ಗೊತ್ತಿರಬೇಕಾಗಿರಲಿಲ್ಲ. ಥಿಯೇಟರಿನಲ್ಲಿ ಅಳುವವರು ಅತ್ತರು.

ಇನ್ನು ಮಾಲ್ಮ್‌ಸ್ಟೀನ್. ಇವನನ್ನು ಯಂತ್ರ ಎಂದು ಬೈಯುವುದು ಸುಲಭ, ನಾನೂ ಊಟದ ಹೊತ್ತಿಗೆ ಬೈದಿದ್ದೇನೆ. ಆದರೆ ಇವನು ಗಿಟಾರ್ ಹಿಡಿದ ಕಥೆ ಕೇಳಿ. 1970ರ ಸೆಪ್ಟೆಂಬರ್ 18ರಂದು ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ತೀರಿಕೊಂಡ. ಆ ಸುದ್ದಿಯ ಜೊತೆ ಟಿವಿಯಲ್ಲಿ ಹೆಂಡ್ರಿಕ್ಸ್ ಗಿಟಾರಿಗೆ ಬೆಂಕಿ ಹಚ್ಚುವ ದೃಶ್ಯ ಬಂತು. ಏಳು ವರ್ಷದ ಸ್ವೀಡಿಷ್ ಹುಡುಗ ಅದನ್ನು ನೋಡಿ ಗಿಟಾರ್ ಎತ್ತಿಕೊಂಡ. ಮುಂದೆ ಪಗನೀನಿಯ ಪಿಟೀಲು ಕೃತಿಗಳನ್ನು ಕೇಳಿ, ಅದನ್ನೇ ಎಲೆಕ್ಟ್ರಿಕ್ ಗಿಟಾರಿನಲ್ಲಿ ಬರಿಸುತ್ತೇನೆಂದು ಹೊರಟ. 1984ರ ‘ರೈಸಿಂಗ್ ಫೋರ್ಸ್’ ಬಂದಾಗ ಗಿಟಾರ್ ಲೋಕ ಬೆಚ್ಚಿತು. ಭಾವವಿಲ್ಲದವನು ಇಷ್ಟು ಹುಚ್ಚನಾಗುವುದು ಸಾಧ್ಯವಿಲ್ಲ. ಆದರೂ ಇವನ ಎರಡನೇ ಹಾಡಿನ ಹೊತ್ತಿಗೆ ನನಗೆ ದಣಿವಾಗುತ್ತದೆ. ಕಾರಣ ವೇಗವಲ್ಲ ಎಂದು ಈಗೀಗ ಅನ್ನಿಸುತ್ತಿದೆ. ಪಿಟೀಲಿನ ಕಮಾನಿಗೆ ಉಸಿರು ಕಟ್ಟುವುದಿಲ್ಲ, ಮೇಲೆ ಕೆಳಗೆ ಎಳೆಯುತ್ತಾ ಎಷ್ಟು ಹೊತ್ತಾದರೂ ಹೋಗಬಹುದು. ಆ ವಾದ್ಯವನ್ನು ಗುರುವಾಗಿಟ್ಟುಕೊಂಡವನಿಗೆ ನಿಲ್ಲಿಸುವ ಜಾಗ ಯಾರೂ ಹೇಳಿಕೊಡುವುದಿಲ್ಲ. ಅವನು ಉಸಿರು ಬಿಡದೆ ನುಡಿಸುತ್ತಾನೆ, ನಾವು ಉಸಿರು ಹಿಡಿದು ಕೂರುತ್ತೇವೆ. ಧಾರವಾಡದ ಕಡೆಯ ಹಿಂದೂಸ್ತಾನಿ ಕೇಳುಗರು ‘ತಯಾರಿ ಭಾಳ ಛಲೋ ಐತಿ’ ಎಂದು ಹೊಗಳುವ ಗಾಯಕನ ದ್ರುತ ತಾನಗಳೂ ಸಿಡಿಲಿನಂತೆಯೇ ಇರುತ್ತವೆ. ಆದರೆ ಅವನ ತಾನ ಉಸಿರು ಇರುವವರೆಗೆ ಮಾತ್ರ, ಆಮೇಲೆ ಅವನೂ ಮನುಷ್ಯನೇ.

ವೇಗಕ್ಕೂ ಭಾವಕ್ಕೂ ಹಗೆಯಿಲ್ಲ ಎನ್ನಲು ನಾನು ಕರೆಯುವ ಸಾಕ್ಷಿ ಗಿಟಾರ್ ವಾದಕ ಜಾಂಗೊ ರೈನ್‌ಹಾರ್ಟ್. 1928ರಲ್ಲಿ ಅವನು ವಾಸವಿದ್ದ ಗಾಡಿಗೆ ಬೆಂಕಿ ಬಿದ್ದು ಎಡಗೈಯ ಉಂಗುರದ ಬೆರಳು, ಕಿರುಬೆರಳು ಮುರುಟಿಹೋದವು. ಉಳಿದ ಎರಡು ಬೆರಳುಗಳಲ್ಲಿ ಅವನು ಓಡಿಸಿದ ಸೋಲೋಗಳನ್ನು ನಾಲ್ಕೂ ಬೆರಳಿರುವವರು ಇಂದಿಗೂ ಬೆನ್ನಟ್ಟುತ್ತಿದ್ದಾರೆ. ಜರ್ಮನರು ಪ್ಯಾರಿಸನ್ನು ಹಿಡಿದ 1940ರಲ್ಲೇ ಅವನು ‘ನುವಾಜ್’ ಎಂಬ ನಿಧಾನದ ರಚನೆಯನ್ನೂ ಮಾಡಿದ, ಆ ಊರು ಅದನ್ನು ತನ್ನದೇ ಹಾಡೆಂಬಂತೆ ಅಪ್ಪಿಕೊಂಡಿತು. ಬಿ.ಬಿ. ಕಿಂಗ್ ತನ್ನ ಮೇಲೆ ಪ್ರಭಾವ ಬೀರಿದವರ ಸಾಲಿನಲ್ಲಿ ಈ ಜಾಂಗೊನ ಹೆಸರನ್ನೂ ಹೇಳುತ್ತಿದ್ದ. ಭಾವದ ಪಕ್ಷದ ದೇವರು ವೇಗದ ದೇವರಿಗೆ ಕೈಮುಗಿಯುತ್ತಿದ್ದ ಎಂದು ಹೇಳಿದರೆ ಅಳಿಯನ ಗೆಳೆಯ ನಂಬುವುದಿಲ್ಲ.

ಜನರ ಮನಸ್ಸಿನ ವಿಚಿತ್ರವನ್ನೂ ಹೇಳಬೇಕು. ಮಿಸಿಸಿಪಿಯ ಬ್ಲೂಸ್ ಗಾಯಕ ರಾಬರ್ಟ್ ಜಾನ್ಸನ್ ಗಿಟಾರನ್ನು ಮೊದಮೊದಲು ಕೆಟ್ಟದಾಗಿ ನುಡಿಸುತ್ತಿದ್ದನಂತೆ. ಕೆಲ ಕಾಲ ಕಾಣೆಯಾಗಿ ವಾಪಸು ಬಂದಾಗ ಎಲ್ಲರೂ ಬಾಯಿ ಬಿಟ್ಟುಕೊಂಡು ಕೇಳುವಂತೆ ನುಡಿಸಿದ. ನಾಲ್ಕು ದಾರಿ ಕೂಡುವಲ್ಲಿ ಸೈತಾನನಿಗೆ ಆತ್ಮ ಮಾರಿ ಬಂದ ಎಂದು ಊರು ಮಾತಾಡಿತು. ಅವನು ಐಕ್ ಜಿಮ್ಮರ್‌ಮನ್ ಎಂಬ ಗಿಟಾರ್ ವಾದಕನ ಬಳಿ ಹೋಗಿ ಕಲಿತಿದ್ದ. ಕಲಿತ ಎನ್ನುವುದು ರುಚಿಸದೆ ಸೈತಾನನನ್ನು ತಂದರು. ‘ಅವನಿಗೆ ಫೀಲ್ ಹುಟ್ಟಿನಿಂದಲೇ ಇದೆ’ ಎನ್ನುವಾಗ ನಾವು ಮಾಡುವುದೂ ಅದೇ ಕೆಲಸ, ಸೈತಾನನ ಬದಲು ದೇವರು ಅಷ್ಟೇ.

ನಮ್ಮ ವೀಣೆಯವರು ಈ ಪ್ರಶ್ನೆಯನ್ನು ಬಹಳ ಹಿಂದೆಯೇ ಬಗೆಹರಿಸಿಕೊಂಡಿದ್ದರು. ‘ಹಾಡಿದ ಹಾಗೇ ನುಡಿಸಿದರು’ ಎನ್ನುವುದಕ್ಕಿಂತ ದೊಡ್ಡ ಮೆಚ್ಚುಗೆ ವೈಣಿಕರಿಗೆ ಇಲ್ಲ. ಗಮಕ ಬರಬೇಕಾದರೆ ತಂತಿ ಪಕ್ಕಕ್ಕೆ ಎಳೆಯಬೇಕು, ಅದಕ್ಕೇ ವೀಣೆಯ 24 ಮೆಟ್ಟಿಲುಗಳು ಮೇಣದ ಮೇಲೆ ಎತ್ತರಕ್ಕೆ ನಿಂತಿವೆ. ಇದು ಕಣ್ಣಿಗೆ ಬಿದ್ದ ಗಿಟಾರ್ ವಾದಕ ಜಾನ್ ಮೆಕ್‌ಲಾಲಿನ್. 1971ರಲ್ಲಿ ಮಹಾವಿಷ್ಣು ಆರ್ಕೆಸ್ಟ್ರಾ ಕಟ್ಟಿ ಬೆಂಕಿಯಂಥ ವೇಗದಲ್ಲಿ ನುಡಿಸುತ್ತಿದ್ದವನು, ಎಸ್. ರಾಮನಾಥನ್ ಅವರ ಬಳಿ ವೀಣೆಗೆ ಕೂತ. ಎಲ್. ಶಂಕರ್, ಜಾಕಿರ್ ಹುಸೇನ್, ವಿಕ್ಕು ವಿನಾಯಕರಾಮ್ ಅವರೊಂದಿಗೆ ‘ಶಕ್ತಿ’ ತಂಡ ಕಟ್ಟಿದಾಗ ಅವನ ಕೈಯಲ್ಲಿದ್ದ ಗಿಟಾರಿನಲ್ಲಿ ಫ್ರೆಟ್‌ಗಳ ನಡುವಿನ ಮರವನ್ನು ಕೊರೆದು ಹಳ್ಳ ಮಾಡಲಾಗಿತ್ತು. ಬೆರಳು ಮರಕ್ಕೆ ತಾಗದೆ ಬರೀ ತಂತಿಯನ್ನು ಹಿಡಿದು ಎಳೆಯಬಹುದು, ವೀಣೆಯಲ್ಲಿ ಎಳೆದಂತೆ. ವೇಗ ಅವನಲ್ಲಿ ಮೊದಲೇ ಇತ್ತು, ಎಳೆತ ಬಂದ ಮೇಲೆ ಗಿಟಾರ್ ಹಾಡತೊಡಗಿತು.

ಕೊರೆದ ಮರದ ಗಿಟಾರನ್ನು ಮಾಲ್ಮ್‌ಸ್ಟೀನ್ ಕೂಡ ನುಡಿಸುತ್ತಾನೆ. ಅವನ ಓಟದ ನಡುವೆ ಅಪರೂಪಕ್ಕೆ ಬರುವ ಒಂದು ದೀರ್ಘ ಸ್ವರವನ್ನು ಹಿಡಿದು ಕೇಳಿದರೆ, ಎಳೆತವೂ ಕಂಪನವೂ ಶ್ರುತಿಗೆ ಎಷ್ಟು ನೆಟ್ಟಗಿವೆ ಎಂದು ಬೆರಗಾಗುತ್ತದೆ. ಅವನಲ್ಲಿ ನನಗೆ ಪ್ರಿಯವಾದದ್ದು ಅದೇ. ಅಳಿಯನಿಗೆ ಇದನ್ನು ಹೇಳಿದೆ. ‘ಮಾಮ, ಅದು ಸೋಲೋ ನಡುವೆ ರೆಸ್ಟ್ ತಗೊಳ್ಳೋ ಜಾಗ’ ಎಂದ.

ಗಿಟಾರ್ ಹೊಸದಾಗಿ ಕೊಂಡವರಿಗೆ, ಕೊಡಿಸಿದ ಅಪ್ಪ ಅಮ್ಮಂದಿರಿಗೂ, ಒಂದು ವಿನಂತಿ. ಕ್ಲಿಪ್ ಟ್ಯೂನರ್ ಹಚ್ಚಿ ಮೊದಲು ಎರಡು ಫ್ರೆಟ್ ಮೇಲಿನ ಸ್ವರ ನುಡಿಸಿ. ಆಮೇಲೆ ಕೆಳಗಿನಿಂದ ತಂತಿ ಎಳೆದು ಅದನ್ನೇ ಮುಟ್ಟಿ, ಮುಳ್ಳು ನಡುವೆ ನಿಂತಿತೇ ನೋಡಿ. ನಿಲ್ಲುವವರೆಗೆ ಕಣ್ಣು ಮುಚ್ಚುವುದು ಬೇಡ. ಯಾವ ಸಾಲನ್ನೇ ನುಡಿಸುವುದಿದ್ದರೂ ಮೊದಲು ಬಾಯಲ್ಲಿ ಹಾಡಿಕೊಂಡು, ಉಸಿರು ಎಲ್ಲಿ ಮುಗಿಯಿತೆಂದು ಗುರುತಿಟ್ಟುಕೊಳ್ಳಿ. 1964ರಲ್ಲಿ ಷಿಕಾಗೋದ ಒಂದು ಥಿಯೇಟರಿನಲ್ಲಿ ಬಿ.ಬಿ. ಕಿಂಗ್ ಕೊಟ್ಟ ಕಛೇರಿ ‘ಲೈವ್ ಅಟ್ ದಿ ರೀಗಲ್’ ಎಂಬ ಹೆಸರಿನಲ್ಲಿ ಸಿಗುತ್ತದೆ. ಅವನು ನುಡಿಸುವುದನ್ನು ನಿಲ್ಲಿಸಿದಾಗ ಜನ ಏನು ಮಾಡುತ್ತಾರೆ ಎನ್ನುವುದೂ ಅದರಲ್ಲಿ ದಾಖಲಾಗಿದೆ. ಫೋನು ಪಕ್ಕಕ್ಕಿಟ್ಟು ಅದನ್ನು ಒಮ್ಮೆ ಪೂರ್ತಿ ಕೇಳಿ.