ದೊಡ್ಡನೆಕ್ಕುಂದಿಯ ಮೊರದಲ್ಲಿ ನಾಲ್ಕು ಕಾಳು

ಮಾರತ್‌ಹಳ್ಳಿಯಿಂದ ಹೊರವರ್ತುಲ ರಸ್ತೆಯಲ್ಲಿ ಕೃಷ್ಣರಾಜಪುರದ ಕಡೆ ಹೊರಟರೆ ದೊಡ್ಡನೆಕ್ಕುಂದಿ. ಗಾಜಿನ ಕಟ್ಟಡಗಳನ್ನು ಬಿಟ್ಟು ಊರೊಳಕ್ಕೆ ತಿರುಗಿದರೆ ಕೆರೆ ಇನ್ನೂ ಇದೆ, ಹೊಲಗಳಿದ್ದಲ್ಲಿ ಅಪಾರ್ಟ್‌ಮೆಂಟು.

ಅಲ್ಲೊಂದು ಪರಿಚಯದ ಮನೆ. ಊರಿನ ಜಮೀನು ಹೋಗಿ, ಹೊಸಕೋಟೆ ಕಡೆ ಎರಡು ಎಕರೆ ಉಳಿದಿದೆ. ಪಿಯುಸಿ ಓದುವ ಮಗನಿಗೆ ಜಿಕೆವಿಕೆಯಲ್ಲಿ ಬಿಎಸ್ಸಿ ಕೃಷಿ ಸೇರುವ ಆಸೆ. ಅಪ್ಪನಿಗೆ ಒಲ್ಲದ ಮನಸ್ಸು. 'ಮನೆ ಮುಂದೇನೇ ಕಂಪ್ಯೂಟರ್ ಕಂಪನಿ ಇಟ್ಕೊಂಡು ಮಣ್ಣು ಕೆದಕೋಕೆ ಹೋಗ್ತಾನಂತೆ, ನೀವಾದ್ರೂ ಹೇಳಿ ಸಾರ್!'

ಕೃಷಿಕರ ಮಕ್ಕಳ ಮೀಸಲು ಸೀಟಿಗೆ ಸಿಇಟಿ ಜೊತೆ ಪ್ರಾಯೋಗಿಕ ಪರೀಕ್ಷೆಯೂ ಉಂಟು. ಬೀಜ, ಸಲಕರಣೆ ಗುರುತಿಸಬೇಕು. ಅಜ್ಜಿ ಮೊರದಲ್ಲಿ ರಾಗಿ, ನವಣೆ, ಸಾಮೆ, ಹುಚ್ಚೆಳ್ಳು ಹರಡಿದ್ದರು. ಹುಡುಗ ಸಾಮೆಯನ್ನು ನವಣೆ ಅಂದ. ಅಜ್ಜಿ ನಕ್ಕರು. (ನನಗೂ ಗೊತ್ತಾಗಲಿಲ್ಲ, ಸುಮ್ಮನಿದ್ದೆ.)

ಅಜ್ಜಿಯ ಲೆಕ್ಕ ಆರಿದ್ರಾ, ಪುನರ್ವಸು ಮಳೆಯದು. ಆ ಲೆಕ್ಕ ಈಗ ತಪ್ಪುತ್ತಿದೆ. 2022ರ ಸೆಪ್ಟೆಂಬರಿನಲ್ಲಿ ಇದೇ ವರ್ತುಲ ರಸ್ತೆ ಹೊಳೆಯಾಯಿತು. ಮರುವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಹೀಗೆ ಏರುಪೇರಾಗುವ ಮಳೆಗೆ ತಕ್ಕಂತೆ ಬೇಸಾಯ ಹೊಂದಿಸುವುದೇ ಈ ಹುಡುಗರು ಕಲಿಯುವ ವಿದ್ಯೆ. ಮುಂಗಾರು ಹೊತ್ತಿಗೆ ಸರಿಯಾಗಿ ಬಂದರೆ ನಾಲ್ಕು ತಿಂಗಳ ರಾಗಿ. ಆಗಸ್ಟಿನ ಕೊನೆಗೆ ಸರಿದರೆ ನೂರು ದಿನದ ಆಸುಪಾಸಿನಲ್ಲಿ ಕಟಾವಿಗೆ ಬರುವ ಜಿಪಿಯು–48. ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ ಹಾಕಿದರೆ, ರಾಗಿ ಸೊರಗಿದ ವರ್ಷವೂ ಆಳಕ್ಕೆ ಬೇರು ಬಿಡುವ ತೊಗರಿ ಹಿಂದಿನ ಮಳೆಯಲ್ಲಿ ಚೇತರಿಸಿಕೊಳ್ಳುತ್ತದೆ. ಜಮೀನಿನ ತಗ್ಗಿನಲ್ಲೊಂದು ಕೃಷಿ ಹೊಂಡವಿದ್ದರೆ ಒಣಗುವ ಪೈರಿಗೆ ಒಂದು ನೀರು.

ಇದು ಬರೀ ಪುಸ್ತಕದ ಓದಲ್ಲ. ಕೊನೆಯ ವರ್ಷ ವಿದ್ಯಾರ್ಥಿಗಳು ಹಳ್ಳಿಯಲ್ಲೇ ಉಳಿಯುತ್ತಾರೆ. ರಂಗೋಲಿ ಪುಡಿಯಲ್ಲಿ ಊರಿನ ನಕ್ಷೆ ಬರೆದು, ಬಾವಿ, ಕೆರೆ, ಹೊಲ ಯಾವುದು ಎಲ್ಲಿ ಎಂದು ರೈತರನ್ನೇ ಕೇಳುತ್ತಾರೆ. ಕಲಿಸುವುದಕ್ಕಿಂತ ಕಲಿಯುವುದೇ ಅಲ್ಲಿ ಹೆಚ್ಚು ಎಂದು ನನ್ನ ಅನಿಸಿಕೆ.

ಅಪ್ಪ ಇನ್ನೂ ಒಪ್ಪಿಲ್ಲ. ಬಾಗಿಲವರೆಗೆ ಬಂದವರು ಮಾತ್ರ ಮೆಲ್ಲಗೆ ಕೇಳಿದರು: 'ಆ ನೂರು ದಿನದ ರಾಗಿ ಬೀಜ ಎಲ್ಲಿ ಸಿಗುತ್ತೆ ಸಾರ್?' ರೈತ ಸಂಪರ್ಕ ಕೇಂದ್ರದಲ್ಲೋ ಜಿಕೆವಿಕೆಯಲ್ಲೋ ವಿಚಾರಿಸಿ ಎಂದೆ. ಒಳಗೆ ಅಜ್ಜಿ ಮೊರ ಕುಲುಕಿ ಮತ್ತೆ ಪಾಠ ಶುರು ಮಾಡಿದ್ದರು.