ಪರಿಚಯದ ಸಹಿ

ನಾನು ಬ್ಯಾಂಕಿಗೆ ಸೇರಿದ ಕಾಲಕ್ಕೆ ಉಳಿತಾಯ ಖಾತೆಯ ಅರ್ಜಿಯ ಅಡಿಯಲ್ಲಿ ಒಂದು ಸಾಲು ಅಚ್ಚಾಗಿರುತ್ತಿತ್ತು: ಅರ್ಜಿದಾರರನ್ನು ನಾನು ಇಷ್ಟು ವರ್ಷಗಳಿಂದ ಬಲ್ಲೆ. ಅದರ ಕೆಳಗೆ ಹಳೆಯ ಗಿರಾಕಿಯೊಬ್ಬರ ಸಹಿ, ಅವರ ಖಾತೆ ನಂಬರು. ಇಷ್ಟಿದ್ದರೆ ಪಾಸ್‌ಬುಕ್ಕು ಕೈಗೆ ಬಂತೆಂದೇ ಲೆಕ್ಕ. ಕುಂದಾಪುರ ಕಡೆಯ ನಮ್ಮ ಶಾಖೆಯ ಎದುರಿಗೆ ಒಂದು ಹೋಟೆಲಿತ್ತು. ಅದರ ಭಟ್ರು ಅರ್ಧ ಪೇಟೆಗೆ ಪರಿಚಯದ ಸಹಿ ಹಾಕಿದವರು. ಫಾರಮ್ಮು ಹಿಡಿದು ಬಂದ ಹುಡುಗನನ್ನು "ನೀ ಯಾರ ಮಗ ಮಾರಾಯ?" ಎಂದು ವಿಚಾರಿಸಿ, ಉತ್ತರ ಸಿಕ್ಕಿದ ಮೇಲೆ ಅವನ ಅಪ್ಪ ಬಾಕಿ ಇಟ್ಟ ಕಾಫಿ ತಿಂಡಿಯ ಲೆಕ್ಕವನ್ನೂ ನೆನಪು ಮಾಡಿ, ಪಂಚೆಗೆ ಕೈ ಒರೆಸಿಕೊಂಡು ಸಹಿ ಎಳೆಯುತ್ತಿದ್ದರು. ಕಾಗದದ ಮೇಲೆ ದೋಸೆ ಹಿಟ್ಟಿನ ಗುರುತು ಇದ್ದರೆ ಸಹಿ ಅಸಲಿ ಎಂಬುದು ನಮ್ಮ ಅಕೌಂಟೆಂಟರ ಸಿದ್ಧಾಂತ.

ಈಗ ನಾನಿರುವುದು ಥಾಯ್ಲೆಂಡಿನ ಚಿಯಾಂಗ್ ಮಾಯ್‌ನಲ್ಲಿ. ಈ ಊರಲ್ಲಿ ನನ್ನನ್ನು ವರ್ಷಗಳಿಂದ ಬಲ್ಲವರು ಇಬ್ಬರೇ, ಹೆಂಡತಿ ಮತ್ತು ಇಲ್ಲಿ ಪಾಠ ಹೇಳುವ ಮಗಳು. ಇಬ್ಬರ ಸಹಿಯೂ ಇಲ್ಲಿನ ಬ್ಯಾಂಕಿನಲ್ಲಿ ನಡೆಯುವುದಿಲ್ಲ. ನಡೆಯುತ್ತಿದ್ದರೂ ಹೆಂಡತಿ ಹಾಕುತ್ತಿದ್ದಳೋ ಇಲ್ಲವೋ ಎಂಬುದು ಬೇರೆ ಪ್ರಶ್ನೆ.

ಥಾಯ್ಲೆಂಡಿಗೆ ನಿವೃತ್ತರೆಂದರೆ ಪ್ರೀತಿ. ಐವತ್ತು ತುಂಬಿರಬೇಕು, ಕೆಲಸ ಮಾಡಬಾರದು, ಕೈಯಲ್ಲಿ ದುಡ್ಡಿರಬೇಕು. ಐವತ್ತು ತುಂಬಿ ಎಷ್ಟೋ ಕಾಲವಾಗಿತ್ತು. ಕೆಲಸ ಮಾಡದೆ ಇರುವ ವಿದ್ಯೆ ನನಗೆ ಸರ್ವಿಸಿನಲ್ಲಿದ್ದಾಗಲೇ ಸಿದ್ಧಿಸಿತ್ತೆಂದು ಸಹೋದ್ಯೋಗಿಗಳ ಅಂಬೋಣ. ಉಳಿದದ್ದು ದುಡ್ಡು. ತಿಂಗಳಿಗೆ 65,000 ಬಹ್ತ್ ವರಮಾನ ತೋರಿಸಬೇಕು, ಇಲ್ಲವಾದರೆ 8 ಲಕ್ಷ ಬಹ್ತ್ ಠೇವಣಿ ಇಡಬೇಕು. ಬ್ಯಾಂಕ್ ನೌಕರನ ಪಿಂಚಣಿ ಮೊದಲನೆಯದರ ಹತ್ತಿರಕ್ಕೂ ಸುಳಿಯುವುದಿಲ್ಲ. ಎರಡನೆಯದು ನಮ್ಮ ಲೆಕ್ಕದಲ್ಲಿ ಇಪ್ಪತ್ತು ಲಕ್ಷ ರೂಪಾಯಿಯ ಆಸುಪಾಸು. ಗ್ರಾಚ್ಯುಟಿಯ ಗಂಟು ಬಿಚ್ಚಿದರೆ ಆದೀತು. ಊರಿನಿಂದಲೇ ವೀಸಾ ಪಡೆದು ಹೊರಟರೆ ಮೊದಲ ವರ್ಷ ಊರಿನ ಬ್ಯಾಂಕಿನ ದುಡ್ಡನ್ನೇ ತೋರಿಸಬಹುದು. ಅಲ್ಲಿಗೆ ಹೋದ ಮೇಲೆ ವೀಸಾ ಮುಂದುವರಿಸಬೇಕಾದಾಗ ದುಡ್ಡು ಥಾಯ್ ಬ್ಯಾಂಕಿನಲ್ಲೇ ಕೂತಿರಬೇಕು.

ಹೊರಡುವ ಮೊದಲಿನ ಕಾಗದಪತ್ರಗಳಲ್ಲಿ ನನಗೆ ಬಹಳ ಇಷ್ಟವಾದದ್ದು ವೈದ್ಯರ ಸರ್ಟಿಫಿಕೇಟು. ಕುಷ್ಠ, ಕ್ಷಯ, ಮಾದಕ ವಸ್ತುವಿನ ಚಟ, ಮೂರನೆಯ ಹಂತದ ಸಿಫಿಲಿಸ್, ಆನೆಕಾಲು, ಇವು ಯಾವುವೂ ಇಲ್ಲ ಎಂದು ಡಾಕ್ಟರು ಬರೆದುಕೊಡಬೇಕು. ನಮ್ಮ ಕರಾವಳಿಯ ಡಾಕ್ಟರಿಗೆ ಆನೆಕಾಲು ಪುಸ್ತಕದ ಕಾಯಿಲೆಯಲ್ಲ. "ಪಂಚೆ ಎತ್ತಿ ಕಾಂಬ" ಎಂದರು. ಎತ್ತಿದೆ. ಎರಡೂ ಕಾಲನ್ನು ಅಕ್ಕಪಕ್ಕ ನಿಲ್ಲಿಸಿ ನೋಡಿ, "ಅಡ್ಡಿಲ್ಲೆ, ಸಮ ಇತ್ತ್" ಎಂದು ಸಹಿ ಮಾಡಿದರು. ನಾನು ಕ್ರಿಮಿನಲ್ ಅಲ್ಲ ಎಂಬ ಪೊಲೀಸ್ ಪತ್ರ ಪಾಸ್‌ಪೋರ್ಟ್ ಸೇವಾ ಕೇಂದ್ರದ ಮೂಲಕ ಬಂತು. ಅದರಲ್ಲಿ ಹೇಳುವಂಥ ಸ್ವಾರಸ್ಯವಿಲ್ಲ.

ಸ್ವಾರಸ್ಯವಿದ್ದದ್ದು ಮದುವೆಯ ವಿಷಯದಲ್ಲಿ. ನನ್ನ ವೀಸಾದ ಬೆನ್ನಿಗೆ ಹೆಂಡತಿಯ ವೀಸಾ ಬರಬೇಕಾದರೆ ನಾವು ಗಂಡ ಹೆಂಡತಿ ಎಂಬುದಕ್ಕೆ ಸರ್ಕಾರಿ ಪುರಾವೆ ಬೇಕು. ನಮ್ಮ ಕಾಲದ ಮದುವೆಗೆ ಪುರಾವೆ ಎಂದರೆ ಪುರೋಹಿತರು, ಅಡುಗೆಯವರು ಮತ್ತು ಊಟ ಸರಿಯಾಗಲಿಲ್ಲವೆಂದು ಸಿಟ್ಟಾದ ನೆಂಟರು. ಆದ್ದರಿಂದ ಮಗಳ ಮದುವೆಯ ವಯಸ್ಸಿನಲ್ಲಿ ನಾವಿಬ್ಬರು ಸಬ್‌ರಿಜಿಸ್ಟ್ರಾರ್ ಕಚೇರಿಯ ಬೆಂಚಿನ ಮೇಲೆ ಕೂತೆವು. ಹಳೆಯ ಲಗ್ನಪತ್ರಿಕೆ, ಕಪ್ಪುಬಿಳುಪು ಫೋಟೊ, ಸಾಕ್ಷಿಗೆಂದು ಕರೆತಂದ ಮೂವರು. "ಹ್ವಾಯ್, ಇನ್ನೊಂದ್ಸಲ ಯೋಚನೆ ಮಾಡುಕೆ ಟೈಮ್ ಕೊಡ್ತ್ರಾ ಕೇಣಿ" ಎಂದಳು ನಿವೃತ್ತ ಗಣಿತ ಟೀಚರಾದ ನನ್ನ ಹೆಂಡತಿ. ಕೊಡಲಿಲ್ಲ. ವೀಸಾ ಅರ್ಜಿಯಲ್ಲಿ ಅವಳು ನನ್ನ 'ಅವಲಂಬಿತೆ' ಎಂದಿದ್ದುದನ್ನು ಓದಿದ ದಿನ ಮನೆಯಲ್ಲಿ ಕಾಫಿ ಆಗಲಿಲ್ಲ. ಯಾರು ಯಾರನ್ನು ಅವಲಂಬಿಸಿದ್ದಾರೆಂದು ತೋರಿಸಲು ಅಷ್ಟು ಸಾಕಾಯಿತು.

ಚಿಯಾಂಗ್ ಮಾಯ್ ತಲುಪಿ ಖಾತೆ ತೆರೆಯಲು ಹೊರಟೆ. ಮೊದಲು ಹೊಕ್ಕ ಶಾಖೆಯಲ್ಲಿ ಚಿಕ್ಕ ಹುಡುಗಿಯೊಬ್ಬಳು ಕೈಮುಗಿದು, ಕುರ್ಚಿ ಕೊಟ್ಟು, ಪಾಸ್‌ಪೋರ್ಟನ್ನು ಎರಡೂ ಕೈಯಿಂದ ತೆಗೆದುಕೊಂಡು, ಒಳಗೆ ಹೋಗಿ ಬಂದು, ನಗುನಗುತ್ತಲೇ ಇಲ್ಲವೆಂದಳು. ಇಷ್ಟು ಚೆಂದವಾಗಿ ಇಲ್ಲವೆನ್ನುವುದು ನಮ್ಮ ಟ್ರೈನಿಂಗ್ ಕಾಲೇಜಿನಲ್ಲಿ ಹೇಳಿಕೊಡುತ್ತಿರಲಿಲ್ಲ. ಎರಡನೆಯ ಕಡೆ ಕೆಲಸದ ಪರ್ಮಿಟ್ ಕೇಳಿದರು. ಕೆಲಸ ಮಾಡುವುದಿಲ್ಲವೆಂದು ಬರೆದುಕೊಟ್ಟೇ ವೀಸಾ ಪಡೆದವನು ಪರ್ಮಿಟ್ ಎಲ್ಲಿಂದ ತರಲಿ? ಮತ್ತೊಂದು ಕಡೆ ಆಗಬಹುದು ಎಂದರು, ಇಮಿಗ್ರೇಶನ್ ಕಚೇರಿಯಿಂದ ವಾಸದ ಸರ್ಟಿಫಿಕೇಟು ತನ್ನಿ ಎಂದರು. ಮಗಳಿಗೆ ಕೋಪ ಬಂತು. ನನಗೆ ಬರಲಿಲ್ಲ. ಹೆಡ್ಡಾಫೀಸಿನ ಸರ್ಕ್ಯುಲರ್ ಒಂದೇ ಇರುತ್ತದೆ, ಅದು ಶಾಖೆಗೆ ಬಂದು ಮ್ಯಾನೇಜರರ ಮೇಜಿನ ಮೇಲೆ ಕೂತ ಮೇಲೆ ಶಾಖೆಗೊಂದು ಅರ್ಥ ಪಡೆಯುತ್ತದೆ. ಅಂಥ ಅರ್ಥಗಳನ್ನು ನಾನೂ ಬರೆದವನೇ.

ನಮ್ಮಲ್ಲೂ ಪರಿಚಯದ ಸಹಿ ಹೋಗಿ ಕಾಗದ ಬಂದದ್ದನ್ನು ನಾನು ಕೌಂಟರಿನ ಒಳಗಿನಿಂದಲೇ ಕಂಡಿದ್ದೇನೆ. 2002ರಲ್ಲಿ ರಿಸರ್ವ್ ಬ್ಯಾಂಕ್ ಕೆವೈಸಿ ನಿಯಮಗಳನ್ನು ಹೊರಡಿಸಿತು. ಕಪ್ಪುಹಣ ಬಿಳಿ ಮಾಡುವವರನ್ನು ತಡೆಯುವ ಕಾನೂನು 2005ರಲ್ಲಿ ಜಾರಿಗೆ ಬಂತು. ಅಲ್ಲಿಂದ ಮುಂದೆ ಭಟ್ರು ಯಾರನ್ನು ಬಲ್ಲರು ಎನ್ನುವುದಕ್ಕಿಂತ ಅರ್ಜಿದಾರನ ಕರೆಂಟ್ ಬಿಲ್ಲು ಏನು ಹೇಳುತ್ತದೆ ಎನ್ನುವುದೇ ದೊಡ್ಡದಾಯಿತು. ಭಟ್ರಿಗೆ ಇದು ಹಿಡಿಸಲಿಲ್ಲ. ಅವರ ಮಾತನ್ನು ಬ್ಯಾಂಕು ನಂಬುವುದಿಲ್ಲವೆಂದೇ ಅವರು ಅರ್ಥಮಾಡಿಕೊಂಡದ್ದು. ಅವರ ಅರ್ಥ ತಪ್ಪೆಂದು ಈಗಲೂ ಹೇಳಲಾರೆ.

ಜನರಿಗೆ ಮಾತ್ರವಲ್ಲ, ಬ್ಯಾಂಕುಗಳಿಗೂ ಒಂದು ಕಾಲದಲ್ಲಿ ಪರಿಚಯದವರು ಬೇಕಾಗಿದ್ದರು. ಶಾಖೆಗಳಲ್ಲಿ ಟೋಕನ್ ಹಿಡಿದು ಕಾದ ಹೊತ್ತಿನಲ್ಲಿ ಓದಿಕೊಂಡ ಕಥೆ ಇದು. 1888ರಲ್ಲಿ ಹಾಂಗ್‌ಕಾಂಗ್ ಶಾಂಘಾಯ್ ಬ್ಯಾಂಕು ಬಂದದ್ದು ಸಿಯಾಮಿನಲ್ಲಿ, ಅಂದರೆ ಅಂದಿನ ಥಾಯ್ಲೆಂಡಿನಲ್ಲಿ, ಬ್ಯಾಂಕಿಂಗಿನ ಆರಂಭ. ಆಮೇಲೆ ಬಂದವರೂ ಇಂಗ್ಲಿಷರು, ಫ್ರೆಂಚರು. ದೇಶದವರದೇ ಒಂದು ಬ್ಯಾಂಕು ಬೇಕೆಂದು ಅರಸ ಚುಲಾಲಾಂಗ್‌ಕಾರ್ನ್‌ನ ಮಲಸಹೋದರ, ಖಜಾನೆ ಮಂತ್ರಿ ಮಹಿಸರ ರಾಜಕುಮಾರನಿಗೆ ಆಸೆ. ಆದರೆ ನಮ್ಮವರ ಬ್ಯಾಂಕಿನಲ್ಲಿ ನಮ್ಮವರೇ ದುಡ್ಡಿಡುತ್ತಾರೋ ಇಲ್ಲವೋ ಎಂಬ ಅಳುಕು. 1904ರಲ್ಲಿ ಅವನು ಬ್ಯಾಂಕೆಂದು ಬೋರ್ಡೇ ಹಾಕದೆ 'ಬುಕ್ ಕ್ಲಬ್' ಎಂಬ ಹೆಸರಿನಲ್ಲಿ ವಹಿವಾಟು ಶುರುಮಾಡಿದ. ಪುಸ್ತಕದ ಕ್ಲಬ್ಬಿಗೆ ಬಂದವರು ಠೇವಣಿ ಇಟ್ಟು ಹೋದರು. ನಂಬಿಕೆ ಕುದುರಿತೆಂದು ಖಾತ್ರಿಯಾದ ಮೇಲೆ 1907ರಲ್ಲಿ ರಾಜಾಜ್ಞೆ ಪಡೆದು ಬ್ಯಾಂಕಾಗಿ ಬಹಿರಂಗಕ್ಕೆ ಬಂತು. ಇಂದಿನ ಸಿಯಾಮ್ ಕಮರ್ಷಿಯಲ್ ಬ್ಯಾಂಕ್ ಅದೇ.

ಅದರ ಹಿಂದಿನ ವರ್ಷ 1906! ನಮ್ಮ ಕಡೆಯ ಬ್ಯಾಂಕಿನವನಿಗೆ ಆ ವರ್ಷ ಕಂಡರೆ ಕೂತಲ್ಲಿಂದ ಏಳುವಂತಾಗುತ್ತದೆ. ಅದೇ ವರ್ಷದ ಮಾರ್ಚಿನಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಕೆನರಾ ಬ್ಯಾಂಕಿಂಗ್ ಕಾರ್ಪೊರೇಶನ್, ಜುಲೈನಲ್ಲಿ ಮಂಗಳೂರಿನಲ್ಲಿ ವಕೀಲ ಅಮ್ಮೆಂಬಳ ಸುಬ್ಬರಾವ್ ಪೈಗಳ ಕೆನರಾ ಹಿಂದೂ ಪರ್ಮನೆಂಟ್ ಫಂಡ್. ಮೊದಲನೆಯದು ಮುಂದೆ ಕಾರ್ಪೊರೇಶನ್ ಬ್ಯಾಂಕಾಯಿತು, ಎರಡನೆಯದು ಕೆನರಾ ಬ್ಯಾಂಕ್. ಉಡುಪಿಯ ಬ್ಯಾಂಕಿನಲ್ಲಿ ಮೊದಲ ದಿನ ಸಂಜೆ ಲೆಕ್ಕ ಹಾಕಿದಾಗ ಇದ್ದದ್ದು 38 ರೂಪಾಯಿ 13 ಆಣೆ 2 ಪೈ. ಅಷ್ಟನ್ನಾದರೂ ಇಟ್ಟವರು ಬ್ಯಾಂಕು ಎಂದರೇನೆಂದು ತಿಳಿದು ಇಟ್ಟಿರಲಾರರು. ಸಾಹೇಬರು ಗೊತ್ತು, ಅದಕ್ಕೇ ಇಟ್ಟರು. 1925ರಲ್ಲಿ ಉಡುಪಿಯಲ್ಲೇ ಹುಟ್ಟಿದ ಸಿಂಡಿಕೇಟು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, 1928ರಿಂದ ಪಿಗ್ಮಿ ಹೆಸರಿನಲ್ಲಿ ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಿಗೇ ಬಂದು ಸಂಗ್ರಹಿಸಿತು. ಪಿಗ್ಮಿಯವನಿಗೆ ವಿಳಾಸದ ಪುರಾವೆ ಯಾರೂ ತೋರಿಸಬೇಕಾಗಿರಲಿಲ್ಲ, ದಿನಾ ಆ ವಿಳಾಸದಲ್ಲೇ ನಿಂತಿರುತ್ತಿದ್ದ. 2020ರ ಏಪ್ರಿಲಿನ ವಿಲೀನದಲ್ಲಿ ಸಿಂಡಿಕೇಟು, ಕಾರ್ಪೊರೇಶನ್ ಎರಡೂ ಹೆಸರು ಹೋದುವು. ಅವುಗಳ ಹಳೆಯ ಪಾಸ್‌ಬುಕ್ಕುಗಳನ್ನು ಈಗಲೂ ಕಪಾಟಿನಲ್ಲಿಟ್ಟುಕೊಂಡ ಮುದುಕರು ನಮ್ಮೂರಲ್ಲಿ ಬೇಕಾದಷ್ಟು.

ಇರಲಿ, ವಾಸದ ಸರ್ಟಿಫಿಕೇಟಿಗೆ ಬರುತ್ತೇನೆ. ಇಮಿಗ್ರೇಶನ್ ಕಚೇರಿಗೆ ಹೋದರೆ ಅವರು ಕೇಳಿದ್ದು ಟಿಎಂ 30 ಎಂಬ ರಸೀದಿ. ಪರದೇಶಿಯೊಬ್ಬ ಮನೆಯಲ್ಲಿ ತಂಗಿದರೆ 24 ಗಂಟೆಯೊಳಗೆ ಮನೆಯ ಮಾಲೀಕರು ತಿಳಿಸಬೇಕೆಂದು 1979ರ ವಲಸೆ ಕಾಯಿದೆಯ ವಿಧಿ. (ಇದನ್ನು ಕೇಳಿ ಹುಬ್ಬೇರಿಸುವ ಹಾಗಿಲ್ಲ. ನಮ್ಮ ದೇಶದ ಲಾಡ್ಜಿನವರೂ ವಿದೇಶಿಯರು ಬಂದರೆ ಅಷ್ಟೇ ಹೊತ್ತಿನಲ್ಲಿ ಫಾರಮ್ಮು ಕಳಿಸಬೇಕು.) ಬ್ಯಾಂಕು ಇಮಿಗ್ರೇಶನ್ ಕಡೆ ಬೆರಳು ತೋರಿಸಿತು, ಇಮಿಗ್ರೇಶನ್ ಮನೆಯೊಡತಿಯ ಕಡೆ.

ನಮ್ಮ ಮನೆಯೊಡತಿ ಎಪ್ಪತ್ತು ದಾಟಿದ ಹೆಂಗಸು. ಮಗಳು 'ಪಾ' ಎನ್ನುತ್ತಾಳೆ, ಇಲ್ಲಿ ದೊಡ್ಡಮ್ಮನ ವಯಸ್ಸಿನವರಿಗೆ ಹಾಗೆ ಹೇಳುವುದು ವಾಡಿಕೆ. ಬಾಡಿಗೆ ಮಾತಾಡುವಾಗ ಚೌಕಾಶಿಗೆ ಜಗ್ಗದವರು ಟಿಎಂ 30 ಎಂದೊಡನೆ ಹುಷಾರಾಗಿ ಎದ್ದರು. ತಡವಾದರೆ ಅವರಿಗೇ ದಂಡ. ಮನೆ ನೋಂದಣಿಯ ನೀಲಿ ಪುಸ್ತಕ, ಗುರುತಿನ ಚೀಟಿ ಎಲ್ಲವನ್ನೂ ಚೀಲಕ್ಕೆ ತುಂಬಿಕೊಂಡು, ನನ್ನನ್ನು ಕಚೇರಿಗೆ ನಡೆಸಿಕೊಂಡು ಹೋಗಿ, ಅಧಿಕಾರಿಯ ಮುಂದೆ ನನ್ನತ್ತ ಗಲ್ಲ ಎತ್ತಿ ತೋರಿಸುತ್ತ ಉದ್ದಕ್ಕೆ ಏನೋ ಹೇಳಿದರು. ಅಧಿಕಾರಿ ನಕ್ಕ. ಏನು ಹೇಳಿದರೆಂದು ಆಮೇಲೆ ಮಗಳನ್ನು ಕೇಳಿದೆ. "ಗಲಾಟೆ ಇಲ್ಲ, ಕುಡಿಯೋದಿಲ್ಲ, ಒಗ್ಗರಣೆ ಘಾಟು ಮಾತ್ರ ಬೀದಿ ಕೊನೆವರೆಗೂ ಬರುತ್ತೆ ಅಂದ್ರಪ್ಪ." ಇಷ್ಟೆಲ್ಲ ಕಂಪ್ಯೂಟರು, ಬಾರ್‌ಕೋಡುಗಳ ಬುಡದಲ್ಲಿ ಕೊನೆಗೆ ಒಬ್ಬ ಮುದುಕಿಯ ಬಾಯಿಮಾತಿತ್ತು. ಇವನು ನನ್ನ ಮನೆಯಲ್ಲಿದ್ದಾನೆ, ನಾನು ಬಲ್ಲೆ ಎಂದು ಅವರು ಹೇಳಿದ್ದಕ್ಕೆ ರಸೀದಿ, ರಸೀದಿಗೆ ಸರ್ಟಿಫಿಕೇಟು, ಸರ್ಟಿಫಿಕೇಟಿಗೆ ಖಾತೆ.

ಖಾತೆ ತೆರೆದ ಶಾಖೆಯಲ್ಲಿ ನನ್ನ ಕನ್ನಡ ಸಹಿಗೆ ಒಳ್ಳೆಯ ಮರ್ಯಾದೆ ಸಿಕ್ಕಿತು. ಇಂಗ್ಲಿಷ್ ಗೀಚುಗಳನ್ನು ಹೋಲಿಸಿ ಸಾಕಾದ ಹುಡುಗಿ ಅಕ್ಷರಗಳ ಸುರುಳಿಗಳನ್ನು ಪೆನ್ನಿನ ತುದಿಯಲ್ಲಿ ಹಿಂಬಾಲಿಸಿ, ಪಕ್ಕದವಳನ್ನೂ ಕರೆದು ತೋರಿಸಿದಳು. ಆಮೇಲೆ ಡೆಬಿಟ್ ಕಾರ್ಡಿನ ಜೊತೆ ಅಪಘಾತ ವಿಮೆಯನ್ನೂ ತಗಲಿಸಿದಳು. ಬೇಡವೆನ್ನಲು ಬಾಯಿ ತೆರೆದವನು ಸುಮ್ಮನಾದೆ. ಆ ಮುಖಭಾವ ನನಗೆ ಗೊತ್ತು. ತಿಂಗಳ ಕೊನೆ, ಟಾರ್ಗೆಟ್ಟಿಗೆ ಒಂದು ಕಡಿಮೆ. ಲಾಕರ್ ಕೇಳಲು ಬಂದವರಿಗೆ ಎಫ್‌ಡಿ ಮಾಡಿಸಿ ಕಳಿಸಿದ ಕೈ ಇದು.

ದುಡ್ಡು ಕಳಿಸುವುದು ಸಲೀಸಾಯಿತು. 1970ರ ದಶಕದಲ್ಲಿ ಪರದೇಶಕ್ಕೆ ಹೊರಟವರ ಕೈಗೆ ಸರ್ಕಾರ ಕೊಡುತ್ತಿದ್ದದ್ದು ಎಂಟು ಡಾಲರ್. ಆ ಕಥೆಯನ್ನು ನಮ್ಮ ಫಾರಿನ್ ಎಕ್ಸ್‌ಚೇಂಜ್ ವಿಭಾಗದ ಹಿರಿಯರು ಹೊಸಬರಿಗೆಲ್ಲ ಹೇಳಿ ಹೆದರಿಸುತ್ತಿದ್ದರು. 2004ರಲ್ಲಿ ಉದಾರೀಕೃತ ಹಣ ರವಾನೆ ಯೋಜನೆ ಬಂದಾಗ ಮಿತಿ 25,000 ಡಾಲರ್, ಈಗ ವರ್ಷಕ್ಕೆ ಎರಡೂವರೆ ಲಕ್ಷ. ಹತ್ತು ಲಕ್ಷ ರೂಪಾಯಿ ದಾಟಿದ ಮೊತ್ತಕ್ಕೆ ಶೇಕಡಾ 20 ಟಿಸಿಎಸ್ ಎಂಬ ತೆರಿಗೆ ಹಿಡಿಯುತ್ತಾರೆ. ರಿಟರ್ನ್ಸ್ ಸಲ್ಲಿಸಿ ವಾಪಸು ಪಡೆಯಬಹುದು, ತಾಳ್ಮೆ ಬೇಕು.

ಹೀಗೆ ಬಂದು ಕೂತ 8 ಲಕ್ಷ ಬಹ್ತ್ ಮುಡಿಪಿನ ದುಡ್ಡಿನ ಹಾಗೆ. ಅರಸಿನ ಬಟ್ಟೆಯಲ್ಲಿ ಕಟ್ಟಿಟ್ಟದ್ದು ಕಣ್ಣೆದುರೇ ಇರುತ್ತದೆ, ಮುಟ್ಟುವಂತಿಲ್ಲ. ವೀಸಾ ಮುಂದುವರಿಸುವ ಅರ್ಜಿಗೆ ಎರಡು ತಿಂಗಳು ಮೊದಲೇ ಪೂರ್ತಿ ಇರಬೇಕು, ಮಂಜೂರಾದ ಮೇಲೆ ಮೂರು ತಿಂಗಳು ಅಲುಗಬಾರದು, ಆಮೇಲೂ 4 ಲಕ್ಷಕ್ಕಿಂತ ಕೆಳಗಿಳಿಯಬಾರದು. ಉಳಿತಾಯ ಖಾತೆಯ ಬಡ್ಡಿ ಶೇಕಡಾ ಒಂದೂ ಇಲ್ಲ. ಹಿರಿಯ ನಾಗರಿಕರಿಗೆ ಅರ್ಧ ಪರ್ಸೆಂಟ್ ಹೆಚ್ಚು ಎಂದು ಬೋರ್ಡು ಬರೆಸಿದವನಿಗೆ ಇದು ಹೊಟ್ಟೆಯುರಿಸುವ ಸಂಗತಿ.

ಅರ್ಜಿಯ ದಿನ ಬೆಳಿಗ್ಗೆಯೇ ಬ್ಯಾಂಕಿಗೆ ಹೋಗಿ ನೂರು ಬಹ್ತ್ ಜಮಾ ಮಾಡಿ ಪಾಸ್‌ಬುಕ್ಕಿನಲ್ಲಿ ಅಂದಿನ ತಾರೀಖು ಮೂಡಿಸಿಕೊಂಡೆ. ಬಾಕಿ ಇಷ್ಟಿದೆಯೆಂಬ ಬ್ಯಾಂಕಿನ ಪತ್ರ ಬೇರೆ. ಮೊಬೈಲಿನಲ್ಲೇ ತರಕಾರಿ ಗಾಡಿಯವರೂ ದುಡ್ಡು ಪಡೆಯುವ ದೇಶದಲ್ಲಿ ವೀಸಾದವರು ನಂಬುವುದು ಪಾಸ್‌ಬುಕ್ಕಿನ ಅಚ್ಚನ್ನು. ಅದರ ಪ್ರತಿಯೊಂದು ಪುಟದ ಜೆರಾಕ್ಸ್, ಜೆರಾಕ್ಸಿನ ಪ್ರತಿ ಹಾಳೆಗೂ ನೀಲಿ ಶಾಯಿಯಲ್ಲಿ ನನ್ನ ಸಹಿ, ಟಿಎಂ 7 ಅರ್ಜಿ, 1,900 ಬಹ್ತ್ ಶುಲ್ಕ. ಪಾಸ್‌ಬುಕ್ಕಿನಲ್ಲಿ ವರ್ಷ 2569 ಎಂದಿತ್ತು, ಇಲ್ಲಿನ ಬುದ್ಧ ಶಕ ನಮ್ಮದಕ್ಕಿಂತ 543 ವರ್ಷ ಮುಂದೆ. ಗಣಿತ ಟೀಚರು ಅದನ್ನು ನೋಡಿ, "ಅಷ್ಟು ವರ್ಷಕ್ಕೆ ಚಕ್ರಬಡ್ಡಿ ಹಾಕಿದ್ರೆ ಎಷ್ಟಾತ್ತ್ ಗೊತ್ತಿತ್ತಾ?" ಎಂದಳು. ಅಧಿಕಾರಿ ತಲೆಯೆತ್ತದೆ ಮುದ್ರೆ ಒತ್ತಿದ.

ಇನ್ನು 90 ದಿನಕ್ಕೊಮ್ಮೆ ಇದೇ ವಿಳಾಸದಲ್ಲಿದ್ದೇನೆಂದು ಟಿಎಂ 47ರಲ್ಲಿ ತಿಳಿಸಬೇಕು. ಊರಿನ ಬ್ಯಾಂಕು ವರ್ಷಕ್ಕೊಮ್ಮೆ ನವೆಂಬರಿನಲ್ಲಿ ಬದುಕಿದ್ದೇನೋ ಇಲ್ಲವೋ ಎಂದಷ್ಟೇ ಕೇಳುತ್ತದೆ. ನಾನೀಗ ಅನಿವಾಸಿ, ಖಾತೆಯೂ ಎನ್‌ಆರ್‌ಒ ಆಗಿದೆ, ಆದರೆ ಜೀವಂತ ಪ್ರಮಾಣಪತ್ರ ತಪ್ಪಿಲ್ಲ. ಹಿಂದೆ ಪಿಂಚಣಿದಾರರು ಕೋಲೂರಿಕೊಂಡು ನನ್ನ ಕೌಂಟರಿಗೆ ಬರುತ್ತಿದ್ದರು. ಎದುರಿಗೆ ನಿಂತವರನ್ನು ನೋಡಿಯೂ "ಸಹಿ ಹಾಕಿ ಮಾರಾಯ್ರೆ" ಎನ್ನುತ್ತಿದ್ದೆ. ಈಗ ಮೊಬೈಲಿಗೆ ಮುಖ ತೋರಿಸಿ ಕಣ್ಣು ಮಿಟುಕಿಸಿದರಾಯಿತು. ಕಳೆದ ಸಲ ನಾನು ಮಧ್ಯಾಹ್ನದ ನಿದ್ದೆಯಿಂದೆದ್ದು ಹಾಗೇ ಕೂತಿದ್ದೆ. ಆ್ಯಪ್ ಮುಖ ಗುರುತಿಸಲಿಲ್ಲ, ಮತ್ತೆ ಪ್ರಯತ್ನಿಸಿ ಎಂದಿತು.

"ಮುಖ ತೊಳ್ಕಂಡ್ ಬನ್ನಿ" ಎಂದಳು ಹೆಂಡತಿ. "ಅರ್ಧ ಮುಚ್ಚಿದ ಕಣ್ಣ್ ತೋರ್ಸಿದ್ರೆ ಅವ್ರ್ ಫ್ಯಾಮಿಲಿ ಪೆನ್ಶನ್ನೇ ಶುರು ಮಾಡ್ತ್ರ್."