ಎಳೆಗೂಸಿನ ಬೆನ್ನ ಮೇಲಣ ಉಬ್ಬು

ಕೂಸು ಮೈದುಂಬಿಕೊಂಡಿದ್ದರೆ ಮನೆಮಂದಿಗೆಲ್ಲ ಸಂತೋಷವಷ್ಟೆ. ಮೈಗೊಬ್ಬು ಇರಬೇಕಾದ ಎಡೆಯಲ್ಲಿರುವವರೆಗೆ ಅದು ಆರೋಗ್ಯದ ಲಕ್ಷಣವೇ ಸರಿ. ಆದರೆ ಗರ್ಭದ ಮೊದಲ ವಾರಗಳಲ್ಲಿ, ಮೆದುಳೂ ಬೆನ್ನುಹುರಿಯೂ ರೂಪುಗೊಳ್ಳುತ್ತಿರುವಾಗ, ಕೊಬ್ಬಿನ ಒಂದು ಮುದ್ದೆ ತನಗೆ ಸಲ್ಲದ ಜಾಗದಲ್ಲಿ ಸೇರಿಕೊಳ್ಳುವುದು ಬಹು ವಿರಳವಾಗಿ ಉಂಟು. ವೈದ್ಯರು ಇದನ್ನು ಲೈಪೋಮ ಎಂದು ಕರೆಯುತ್ತಾರೆ. ಗಡ್ಡೆಯೆಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಎದೆ ಝಲ್ಲೆನ್ನುವುದು ಸಹಜ. ಆದರೆ ಇದು ಕ್ಯಾನ್ಸರ್ ಅಲ್ಲ, ಮೈಯೆಲ್ಲ ಹರಡುವಂಥದೂ ಅಲ್ಲ. ಇದರ ವಿಷಯದಲ್ಲಿ ಗೃಹಸ್ಥರು ತಿಳಿದಿರಬೇಕಾದುದು ಸ್ವಲ್ಪವೇ. ಆ ಸ್ವಲ್ಪವನ್ನು ಮಾತ್ರ ಸಕಾಲದಲ್ಲಿ ತಿಳಿದಿರಬೇಕು.

ಕೋಲಾರದ ಸೀಮೆಯಲ್ಲಿ ಕೂಸಿನ ಬೆನ್ನನ್ನು ದಿನದಿನವೂ ನೋಡುವವಳು ಅದಕ್ಕೆ ಎರೆಯುವ ಅಜ್ಜಿ. ಕಾಲು ನೀಡಿ ಕುಳಿತು, ಕೂಸನ್ನು ಬೋರಲು ಮಲಗಿಸಿಕೊಂಡು, ಎಣ್ಣೆ ಸವರಿ ನೀರೆರೆಯುವ ಆಕೆಯ ಕೈಗೆ ಮರೆಯಾಗುವುದು ಯಾವುದೂ ಇಲ್ಲ. 2023ರಲ್ಲಿ ಮುಳಬಾಗಿಲಿನಲ್ಲಿ ನಮ್ಮ ಸೋದರಸೊಸೆಗೆ ಹೆಣ್ಣು ಕೂಸು ಹುಟ್ಟಿದಾಗ, ಅದರ ಸೊಂಟದ ಕೆಳಗೆ, ನಡುಬೆನ್ನಿನ ಗೆರೆಯ ಮೇಲೆ, ನಿಂಬೆಹಣ್ಣಿನಷ್ಟು ಗಾತ್ರದ ಮೆತ್ತನೆಯ ಉಬ್ಬನ್ನು ಮೊದಲು ಕಂಡವರು ಅಂಥ ಒಬ್ಬ ಅಜ್ಜಿಯೇ. ಉಬ್ಬಿನ ಮೇಲೆ ಚರ್ಮವಿತ್ತು. ಮುಟ್ಟಿದರೆ ಕೂಸು ಅಳುತ್ತಿರಲಿಲ್ಲ. ಕಾಲುಗಳನ್ನು ಚೆನ್ನಾಗಿಯೇ ಝಾಡಿಸುತ್ತಿತ್ತು. "ಮಗು ಗುಂಡುಗುಂಡಾಗಿದೆ, ಇಷ್ಟಕ್ಕೆಲ್ಲ ಆಸ್ಪತ್ರೆಯೇ?" ಎಂದು ನೆರೆಹೊರೆಯವರು ನಕ್ಕರು. ಅಜ್ಜಿ ನಗಲಿಲ್ಲ. "ನಾನು ಎರೆದ ಯಾವ ಕೂಸಿನಲ್ಲೂ ಇದನ್ನು ಕಂಡಿಲ್ಲ, ತೋರಿಸಿಕೊಂಡು ಬನ್ನಿ" ಎಂದರು. ನಾವು ತಾಯಿಮಗುವನ್ನು ಕರೆದುಕೊಂಡು ಕೋಲಾರಕ್ಕೆ ಹೊರಟೆವು.

ಅಲ್ಲಿ ಮೊದಲು ಮಾಡಿದುದು ಅಲ್ಟ್ರಾಸೌಂಡ್ ಪರೀಕ್ಷೆ. ಬೆನ್ನೆಲುಬಿನೊಳಗಿರುವ ಹುರಿಯನ್ನು ಶಬ್ದದ ಅಲೆಗಳಿಂದ ನೋಡುವುದು ಹೇಗೆಂದು ನಾವು ಕೇಳಿದೆವು. ವೈದ್ಯರ ಉತ್ತರ ನಮಗೆ ಮಾಲೂರಿನ ಹೆಂಚನ್ನು ನೆನಪಿಗೆ ತಂದಿತು. ಆವಿಗೆಗೆ ಹೋಗುವ ಮುನ್ನ ಹೆಂಚು ಹಸಿಮಣ್ಣು, ಸುಟ್ಟ ಮೇಲೆ ಗಟ್ಟಿ. ಅದರಂತೆಯೇ ಎಳೆಗೂಸಿನ ಬೆನ್ನೆಲುಬಿನ ಹಿಂಭಾಗವು ಇನ್ನೂ ಮೃದ್ವಸ್ಥಿಯಾಗಿರುವುದರಿಂದ ಶಬ್ದದ ಅಲೆಗಳು ಅದನ್ನು ದಾಟಿ ಒಳಹೋಗಬಲ್ಲವು. ಮೂರು ತಿಂಗಳೊಳಗೆ ಚಿತ್ರ ಚೆನ್ನಾಗಿ ಬರುವುದು. ಆಮೇಲೆ ಎಲುಬು ಬಲಿತಂತೆಲ್ಲ ಮಸುಕಾಗುವುದು. ಆರು ತಿಂಗಳು ಕಳೆದರೆ ಬಹುಮಟ್ಟಿಗೆ ಆ ಬಾಗಿಲು ಮುಚ್ಚಿದಂತೆಯೇ. ಈ ಪರೀಕ್ಷೆಗೆ ಸೂಜಿ ಬೇಡ, ಮತ್ತು ಬೇಡ, ಕ್ಷಕಿರಣವೂ ಬೇಡ.

ಸಾಮಾನ್ಯವಾಗಿ ಬೆನ್ನುಹುರಿಯು ಸೊಂಟದ ಮೊದಲ ಎರಡು ಎಲುಬುಗಳ ಮಟ್ಟದಲ್ಲಿ ಮುಗಿದು, ನಾಡಿಯ ಬಡಿತಕ್ಕೆ ತಕ್ಕಂತೆ ನೀರಿನಲ್ಲಿ ತೂಗುವಂತೆ ಅಲುಗಾಡುತ್ತಿರುತ್ತದೆ. ನಮ್ಮ ಕೂಸಿನ ಹುರಿಯಾದರೋ ಅದಕ್ಕಿಂತ ಕೆಳಗಿಳಿದು, ಬೆಳ್ಳಗೆ ಕಾಣುತ್ತಿದ್ದ ಕೊಬ್ಬಿನ ಮುದ್ದೆಗೆ ಅಂಟಿ, ಕಟ್ಟಿಹಾಕಿದ ಕರುವಿನಂತೆ ನಿಶ್ಚಲವಾಗಿತ್ತು. ಮಗು ಬೆಳೆದಂತೆ ಹೀಗೆ ಕಟ್ಟುಬಿದ್ದ ಹುರಿ ಜಗ್ಗಲ್ಪಟ್ಟು, ಕಾಲಿನ ಬಲ ಕುಂದುವುದು, ಪಾದ ಸೊಟ್ಟಗಾಗುವುದು, ಮೂತ್ರದ ಹತೋಟಿ ತಪ್ಪುವುದು ಇವೆಲ್ಲ ಸಂಭವಿಸಬಹುದು. ಹೀಗೆ ಕೆಟ್ಟುದೆಲ್ಲ ಮುಂದೆ ಪೂರ್ತಿಯಾಗಿ ಸರಿಹೋಗುವುದೆಂಬ ಭರವಸೆಯಿಲ್ಲ.

ಬಳಿಕ ಬೆಂಗಳೂರಿನಲ್ಲಿ ಎಂ.ಆರ್.ಐ. ಚಿತ್ರ ತೆಗೆಸಬೇಕಾಯಿತು. ಕೂಸಿಗೆ ಹಾಲು ಕುಡಿಸಿ, ಬಟ್ಟೆಯಲ್ಲಿ ಬೆಚ್ಚಗೆ ಸುತ್ತಿ, ನಿದ್ದೆ ಹೋದ ಮೇಲೆ ಯಂತ್ರದೊಳಗೆ ಮಲಗಿಸಿದರು. ಇಲ್ಲಿ ಕೆಲಸ ಮಾಡುವುದು ಆಯಸ್ಕಾಂತ ಮತ್ತು ರೇಡಿಯೋ ಅಲೆ. ಒಂದು ಬಗೆಯ ಚಿತ್ರದಲ್ಲಿ ಕೊಬ್ಬು ಬೆಣ್ಣೆಯಂತೆ ಬೆಳ್ಳಗೆ ಹೊಳೆಯುತ್ತದೆ. ಹಳೆಯ ರಕ್ತವೂ ಒಮ್ಮೊಮ್ಮೆ ಹೀಗೆಯೇ ತೋರುವುದರಿಂದ, ಕೊಬ್ಬಿನ ಹೊಳಪನ್ನು ಮಾತ್ರ ಅಡಗಿಸಿ ಮತ್ತೊಂದು ಚಿತ್ರ ತೆಗೆಯುತ್ತಾರೆ. ಬೆಳ್ಳಗಿದ್ದುದು ಆಗ ಕಪ್ಪಾದರೆ ಅದು ಕೊಬ್ಬೇ ಎಂದು ನಿರ್ಣಯವಾಗುವುದು. ಸಿ.ಟಿ. ಪರೀಕ್ಷೆಯಲ್ಲೂ, ನೀರಿಗೆ ಸೊನ್ನೆಯೆಂದು ಅಳತೆಯಿಟ್ಟರೆ ಕೊಬ್ಬು ಸೊನ್ನೆಗಿಂತ 50ರಿಂದ 100ರಷ್ಟು ಕೆಳಗೆ ನಿಲ್ಲುವುದು; ಆದರೆ ಅದು ಕ್ಷಕಿರಣದ ಕೆಲಸವಾದುದರಿಂದ ಎಳೆಯ ಮಕ್ಕಳಿಗೆ ಮಿತವಾಗಿ ಮಾತ್ರ ಬಳಸುತ್ತಾರೆ.

ಚಿತ್ರವು ಇರುವುದನ್ನು ತೋರಿಸುವುದೇ ಹೊರತು ಮಾಡಬೇಕಾದುದನ್ನು ಹೇಳಿಬಿಡುವುದಿಲ್ಲ. ಒಬ್ಬ ಶಸ್ತ್ರವೈದ್ಯರು ಬೇಗನೆ ಹುರಿಯನ್ನು ಬಿಡಿಸುವುದು ಮೇಲೆಂದರು. ಇನ್ನೊಬ್ಬರು ಕಾಲುಗಳು ಚೆನ್ನಾಗಿರುವವರೆಗೆ ಎಚ್ಚರದಿಂದ ಕಾಯುವುದೇ ಮೇಲೆಂದರು. ಯಾವ ಲಕ್ಷಣವೂ ತೋರದ ಕೂಸುಗಳ ವಿಷಯದಲ್ಲಿ ಲೋಕದ ತಜ್ಞರಲ್ಲಿಯೇ ಈ ಭಿನ್ನಾಭಿಪ್ರಾಯವುಂಟು. ತಾಯಿತಂದೆ ಎರಡು ರಾತ್ರಿ ನಿದ್ದೆಗೆಟ್ಟು ಯೋಚಿಸಿ ಶಸ್ತ್ರಚಿಕಿತ್ಸೆಗೆ ಒಪ್ಪಿದರು. ಮಗು 2024ರಲ್ಲಿ ನಡೆಯಲು ಕಲಿತಳು. ಆಗಾಗ ಪರೀಕ್ಷೆ ಮಾತ್ರ ನಡೆಯುತ್ತಲೇ ಇರಬೇಕಾಗಿದೆ.

ಮೆದುಳಿನೊಳಗಣ ಕೊಬ್ಬಿನ ಕಥೆ ಬೇರೆ. ಅದು ಹೆಚ್ಚಾಗಿ ಮೆದುಳಿನ ಎರಡು ಅರ್ಧಗಳನ್ನು ಕೂಡಿಸುವ ಸೇತುವೆಯ ಬಳಿ ಇರುವುದು; ಆ ಸೇತುವೆಯೇ ಪೂರ್ತಿ ಬೆಳೆಯದಿರುವುದೂ ಉಂಟು. ನೆತ್ತಿಯ ಸುಳಿ ಮುಚ್ಚುವ ಮೊದಲು ಅದರ ಮೂಲಕವೇ ಅಲ್ಟ್ರಾಸೌಂಡಿನಿಂದ ಇದನ್ನು ಕಾಣಬಹುದು. ಅನೇಕ ವೇಳೆ ಇದರಿಂದ ಯಾವ ಬಾಧೆಯೂ ಇರದು. ರಕ್ತನಾಳಗಳೂ ನರಗಳೂ ಅದರ ನಡುವೆಯೇ ಹಾಯ್ದಿರುವುದರಿಂದ ಅದನ್ನು ಕೀಳಹೋಗುವುದೇ ಹೆಚ್ಚು ಅಪಾಯ. ಆದ್ದರಿಂದ ಅಲ್ಲಿ ಒಳ್ಳೆಯ ಚಿತ್ರದ ದೊಡ್ಡ ಉಪಕಾರವೆಂದರೆ, ವೈದ್ಯರು ಕತ್ತಿಯನ್ನು ಕೆಳಗಿಟ್ಟು ಸುಮ್ಮನಿರಲು ಧೈರ್ಯ ಕೊಡುವುದು.

ವಾಚಕರು ನೆನಪಿಡಬೇಕಾದುದಿಷ್ಟು. ಕೂಸಿನ ಸೊಂಟದ ನಡುಗೆರೆಯಲ್ಲಿ ಮೆತ್ತನೆಯ ಉಬ್ಬು, ಕೂದಲಿನ ಗೊಂಚಲು, ಕೆಂಪು ಮಚ್ಚೆ ಅಥವಾ ಆಳವಾದ ಗುಳಿ ಕಂಡರೆ ತಡಮಾಡದೆ ತೋರಿಸಬೇಕು. ಗುದದ್ವಾರದ ಸಮೀಪದಲ್ಲಿಯೇ ಇರುವ, ತಳ ಕಾಣುವ ಸಣ್ಣ ಗುಳಿಗೆ ಸಾಮಾನ್ಯವಾಗಿ ಹೆದರಬೇಕಾದುದಿಲ್ಲ. ಉಬ್ಬನ್ನು ತಿಕ್ಕುವುದು, ಒತ್ತುವುದು, ಬಿಗಿದು ಕಟ್ಟುವುದು ಕೂಡದು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲಸ್ವಾಸ್ಥ್ಯ ಕಾರ್ಯಕ್ರಮವು ಹುಟ್ಟುದೋಷಗಳನ್ನು ಬೇಗ ಗುರುತಿಸುವುದಕ್ಕಾಗಿಯೇ ಇದೆ. ಮನೆಗೆ ಬರುವ ಆಶಾ ಕಾರ್ಯಕರ್ತೆಗೆ ಹೇಳಿದರೂ ದಾರಿ ದೊರೆಯುವುದು. ಕೋಲಾರದಲ್ಲಿ ಜಿಲ್ಲಾ ಆಸ್ಪತ್ರೆಯಿದೆ. ಪಕ್ಕದ ಟಮಕದಲ್ಲಿ 1986ರಲ್ಲಿ ಸ್ಥಾಪನೆಯಾದ ಶ್ರೀ ದೇವರಾಜ ಅರಸು ವೈದ್ಯಕೀಯ ಮಹಾವಿದ್ಯಾಲಯವಿದೆ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ಶ್ರೀನಿವಾಸಪುರದ ಮಾವಿನ ತೋಪಿನ ಮನೆಗೂ ಮಾಲೂರಿನ ಹೆಂಚಿನ ಮನೆಗೂ ಇವು ದೂರವಲ್ಲ. ಮಾವಿನ ಸುಗ್ಗಿ ಮುಗಿಯಲಿ, ಆಮೇಲೆ ಹೋದರಾಯಿತು ಎನ್ನುವಷ್ಟರಲ್ಲಿ ಕೂಸಿನ ಮೂರು ತಿಂಗಳು ಕಳೆದುಹೋಗುವುದು.